ಮುಚ್ಚಳ ತೆಗೆದ ಕೂಡಲೇ ಸರಿಯಾಗುತ್ತಿದ್ದ ಎಂಜಿನ್: ಮದ್ದಿನ ಪಂಪಿನ ಒಂದು ಪ್ರಕರಣ

ಮಲೆನಾಡಿನ ಒಂದು ಅಡಿಕೆ ತೋಟದಲ್ಲಿ ಮದ್ದು ಹೊಡೆಯುವ ಪಂಪಿನ ಪೆಟ್ರೋಲ್ ಎಂಜಿನ್ ಹತ್ತು ಹದಿನೈದು ನಿಮಿಷಕ್ಕೊಮ್ಮೆ ನಿಲ್ಲತೊಡಗಿತು. ಪ್ಲಗ್ ಬದಲಾಯಿತು, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್ ಬಿಚ್ಚಿ ತೊಳೆದದ್ದಾಯಿತು, ಪ್ಲಗ್ಗಿಗೆ ಕಿಡಿಯ ವಿದ್ಯುತ್ ಕೊಡುವ ಕಾಯಿಲ್ ಹೊಸದು ಬಂತು. ಎಂಜಿನ್ ಮಾತ್ರ ನಿಲ್ಲುತ್ತಲೇ ಇತ್ತು. ಕೊನೆಗೆ ಸಿಕ್ಕಿದ್ದು ಒಂದಲ್ಲ, ಎರಡು ದೋಷ. ಎರಡಕ್ಕೂ ದುಬಾರಿ ಬಿಡಿಭಾಗ ಬೇಕಿರಲಿಲ್ಲ. ಇಂಥ ಪಂಪು ಇಟ್ಟುಕೊಂಡವರಿಗೂ ರಿಪೇರಿ ಮಾಡುವವರಿಗೂ ಉಪಯೋಗವಾಗಲಿ ಎಂದು ಪ್ರಕರಣವನ್ನು ಇಲ್ಲಿ ಪೂರ್ತಿ ಬರೆದಿದೆ. ಊರು, ತೋಟದ ಯಜಮಾನರು, ಮೆಕ್ಯಾನಿಕ್, ಎಂಜಿನ್ನಿನ ಕಂಪನಿ ಯಾವುದರ ಗುರುತೂ ಇಲ್ಲಿಲ್ಲ.

ಹಿನ್ನೆಲೆ

ತೋಟ ಇಳಿಜಾರಿನಲ್ಲಿದೆ. ಕೊಳೆರೋಗಕ್ಕೆ ಮಳೆ ಹಿಡಿಯುವ ಮುಂಚೆ ಒಂದು ಸಲ, ಅಲ್ಲಿಂದ 40-45 ದಿನಕ್ಕೆ ಇನ್ನೊಂದು ಸಲ ಬೋರ್ಡೋ ಹೊಡೆಯುತ್ತಾರೆ. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಕಲಸಿದ ಮದ್ದನ್ನು ಅಂದೇ ಖಾಲಿ ಮಾಡಬೇಕು, ಮರುದಿನಕ್ಕೆ ಇಟ್ಟರೆ ಅದರ ಅಂಟೂ ಹೋಯಿತು, ಸತ್ವವೂ ಹೋಯಿತು. ಎರಡನೇ ಸಲದ ಮದ್ದಿಗಂತೂ ಮಳೆ ಹೊಳವಾದ ಒಂದೆರಡು ದಿನಗಳಷ್ಟೇ ಸಿಗುವುದು. ಡ್ರಮ್ಮಿನಲ್ಲಿ ಮದ್ದು, ಮರದ ತುದಿಯಲ್ಲಿ ಮದ್ದು ಸಿಡಿಸುವ ಗನ್ ಹಿಡಿದ ಕೊನೆಗೌಡ, ಅಂದರೆ ಅಡಿಕೆ ಮರ ಹತ್ತುವವನು, ಮೇಲೆ ಮೋಡ. ಇಂಥ ಹೊತ್ತಿನಲ್ಲಿ ಎಂಜಿನ್ ನಿಂತರೆ ಆ ವರ್ಷದ ಫಸಲಿಗೇ ಪೆಟ್ಟು.

ಎಂಜಿನ್ ಎಲ್ಲ ಕಡೆ ಕಾಣುವ ಬಗೆಯದೇ: 163 ಸಿಸಿ, 5.5 ಅಶ್ವಶಕ್ತಿ, ಫೋರ್ ಸ್ಟ್ರೋಕ್, ಗಾಳಿಯಿಂದ ತಣಿಯುವಂಥದು, ಹಗ್ಗ ಎಳೆದು ಚಾಲೂ ಮಾಡುವಂಥದು. ಬೆಲ್ಟ್ ಮೂಲಕ ಹೆಚ್ಚು ಒತ್ತಡದಲ್ಲಿ ಮದ್ದು ತಳ್ಳುವ ಮೂರು ಪಿಸ್ಟನ್ನಿನ ಎಚ್‌ಟಿಪಿ ಪಂಪನ್ನು ತಿರುಗಿಸುತ್ತದೆ. ಟ್ಯಾಂಕಿಗೆ ಮೂರು ಲೀಟರ್ ಚಿಲ್ಲರೆ ಪೆಟ್ರೋಲ್, ಕ್ರ್ಯಾಂಕ್‌ಕೇಸಿಗೆ 0.6 ಲೀಟರ್ ಎಣ್ಣೆ. ಎಣ್ಣೆ ಕಡಿಮೆಯಾದರೆ ಕಿಡಿಯನ್ನು ಕಡಿದು ಎಂಜಿನ್ ನಿಲ್ಲಿಸುವ ಸ್ವಿಚ್ ಒಳಗಿದೆ. ಈ ಬಗೆಯ ಎಂಜಿನ್ನಿಗೆ ಪೆಟ್ರೋಲ್ ಪಂಪ್ ಇಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಟ್ಯಾಂಕ್ ಮೇಲೆ, ಕಾರ್ಬೊರೇಟರ್ ಕೆಳಗೆ, ಪೆಟ್ರೋಲ್ ತನ್ನ ಭಾರಕ್ಕೇ ಇಳಿದು ಬರಬೇಕು. ಮುಂದೆ ಬರುವುದೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿದೆ.

ತೊಂದರೆ ಏನಿತ್ತು

ಬೆಳಿಗ್ಗೆ ಒಂದೇ ಎಳೆತಕ್ಕೆ ಚಾಲೂ. ಹತ್ತು ಹದಿನೈದು ನಿಮಿಷ ಚೆನ್ನಾಗಿ ಓಡಿ ನಿಲ್ಲುವುದು. ಆಗಲೇ ಎಳೆದರೆ ಹತ್ತುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಎಳೆದರೆ ಏನೂ ಆಗಿಲ್ಲವೆಂಬಂತೆ ಚಾಲೂ ಆಗಿ, ಇನ್ನೊಂದು ಹತ್ತು ನಿಮಿಷಕ್ಕೆ ಮತ್ತೆ ನಿಲ್ಲುವುದು.

ಇದನ್ನು ಕೇಳಿದ ಮೆಕ್ಯಾನಿಕ್ ಯಾರೇ ಆದರೂ ಮೊದಲು ಹೇಳುವುದು "ಬಿಸಿಯಾದ ಮೇಲೆ ಕಾಯಿಲ್ ಕೈಕೊಡ್ತದೆ" ಎಂದೇ. ಅದು ಬುಡವಿಲ್ಲದ ಮಾತೂ ಅಲ್ಲ. ಕಾಯಿಲಿನ ಒಳಗಿನ ತಂತಿ ಸಣ್ಣಗೆ ಬಿಟ್ಟಿದ್ದರೆ ಕಾವಿಗೆ ಆ ಬಿರುಕು ಅಗಲವಾಗಿ ಕಿಡಿ ನಿಲ್ಲುತ್ತದೆ, ತಣಿದ ಮೇಲೆ ಕೂಡಿಕೊಳ್ಳುತ್ತದೆ. ಆದರೆ ಇದೇ ಲಕ್ಷಣವನ್ನು ತೋರಿಸುವ ದೋಷಗಳು ಇನ್ನೂ ನಾಲ್ಕಾರಿವೆ. ಈ ಪ್ರಕರಣ ದಾರಿ ತಪ್ಪಿದ್ದು ಅಲ್ಲಿಯೇ.

ಮಾಡಿ ನೋಡಿದ್ದು

ಮೊದಲು ಪೆಟ್ರೋಲ್. ಕ್ಯಾನಿನಲ್ಲಿ ಹಿಂದಿನ ವರ್ಷದ್ದು ಉಳಿದಿತ್ತು. ಅದನ್ನು ಬಿಟ್ಟು ಬಂಕಿನಿಂದ ಹೊಸತು ತಂದು ಅರ್ಧ ಟ್ಯಾಂಕ್ ಹಾಕಿದರು. ಅವತ್ತು ಎಂಜಿನ್ ಅರ್ಧ ಗಂಟೆಯವರೆಗೂ ಓಡಿತು. ಹಳೆ ಪೆಟ್ರೋಲಿನದೇ ತಪ್ಪು ಎಂದು ಎಲ್ಲರೂ ನಂಬಿದರು. ಮರುದಿನ ಟ್ಯಾಂಕ್ ತುಂಬಿಸಿದಾಗ ತೊಂದರೆ ಮರಳಿತು.

ಆಮೇಲೆ ಪ್ಲಗ್. ಹೊಸ ಬಿಪಿಆರ್6ಇಎಸ್, 0.7 ಮಿ.ಮೀ. ಗ್ಯಾಪ್. ವ್ಯತ್ಯಾಸವಿಲ್ಲ. ಏರ್ ಫಿಲ್ಟರಿನ ಸ್ಪಂಜಿನಲ್ಲಿ ಸುಣ್ಣದ ಪುಡಿ ಕೂತಿತ್ತು, ಸೋಪಿನ ನೀರಲ್ಲಿ ತೊಳೆದು ಒಣಗಿಸಿ ಹಾಕಿದರು. ಅದರಿಂದಲೂ ಏನೂ ಆಗಲಿಲ್ಲ.

ಎಂಜಿನ್ ಪೇಟೆಯ ವರ್ಕ್‌ಶಾಪಿಗೆ ಹೋಯಿತು. ಜೀಪಿನಲ್ಲಿ ಒಯ್ಯುವಾಗ ಚೆಲ್ಲಬಾರದೆಂದು ಟ್ಯಾಂಕನ್ನು ಮನೆಯಲ್ಲೇ ಖಾಲಿ ಮಾಡಿದ್ದರು. ಕಾರ್ಬೊರೇಟರಿನ ಬಟ್ಟಲಲ್ಲಿ ನಾಲ್ಕು ಹನಿ ನೀರು, ತಳದಲ್ಲಿ ಬಿಳಿ ಹುಡಿ ಸಿಕ್ಕಿತು. ಜೆಟ್ಟುಗಳನ್ನು ಸ್ವಚ್ಛ ಮಾಡಿ, ಗಾಳಿ ಹೊಡೆದು, ನೀಡಲ್ ಸೀಟ್ ನೋಡಿ ಜೋಡಿಸಿದರು. ಅರ್ಧ ಲೀಟರ್ ಪೆಟ್ರೋಲ್ ಹಾಕಿ, ಪಂಪಿನ ಬೆಲ್ಟ್ ಇಲ್ಲದೆ ಮುಕ್ಕಾಲು ಗಂಟೆ ಓಡಿಸಿದರು. ಒಮ್ಮೆಯೂ ನಿಲ್ಲಲಿಲ್ಲ. ಸರಿಯಾಯಿತು ಎಂದು ಕಳಿಸಿಕೊಟ್ಟರು. ತೋಟದಲ್ಲಿ ಟ್ಯಾಂಕ್ ತುಂಬಿಸಿ, ಬೆಲ್ಟ್ ಹಾಕಿ, ಗನ್ ಹಿಡಿದರೆ ಮತ್ತೆ ಅದೇ ಕತೆ.

ವರ್ಕ್‌ಶಾಪಿನ ಪರೀಕ್ಷೆ ದೋಷವನ್ನು ಹೊರತರುವ ಒಂದು ಸ್ಥಿತಿಯನ್ನೂ ಉಳಿಸಿಕೊಂಡಿರಲಿಲ್ಲ. ಹೊರೆ ಇಲ್ಲ, ಟ್ಯಾಂಕ್ ತುಂಬಿಲ್ಲ, ಮುಚ್ಚಳ ತೋಟದಲ್ಲಿ ಇರುವ ಹಾಗಿಲ್ಲ. ಅಲ್ಲಿ ನಿಲ್ಲದೆ ಓಡಿತು ಎನ್ನುವುದರಿಂದ ಏನೂ ಸಾಬೀತಾಗುವುದಿಲ್ಲ. ಆದರೂ "ಕಾರ್ಬೊರೇಟರ್ ಸರಿ ಇದೆ, ಹಾಗಾದರೆ ಕಾಯಿಲೇ" ಎಂಬ ತೀರ್ಮಾನ ಅಲ್ಲಿಂದ ಹುಟ್ಟಿತು. ಹೊಸ ಕಾಯಿಲ್ ತರಿಸಿ, ಫ್ಲೈವೀಲಿಗೂ ಅದಕ್ಕೂ ನಡುವೆ 0.4 ಮಿ.ಮೀ. ಸಂದು ಇಟ್ಟು ಕೂರಿಸಿದರು. ಕೆಲಸ ಶುದ್ಧವಾಗಿತ್ತು, ಪ್ರಯೋಜನ ಆಗಲಿಲ್ಲ.

ಇನ್ನು ಉಳಿದದ್ದು ಎಂಜಿನ್ ಬಿಚ್ಚಿ ರಿಂಗು, ವಾಲ್ವು ನೋಡುವುದು ಎಂದು ಮಾತು ಬಂತು. ಯಜಮಾನರು ಇಲ್ಲಿ ತಡೆದರು. ತಣ್ಣಗಿದ್ದಾಗ ಒಂದೇ ಎಳೆತಕ್ಕೆ ಹತ್ತುತ್ತದೆ, ಹೊಗೆ ಇಲ್ಲ, ಓಡುವಷ್ಟು ಹೊತ್ತು ಗನ್ನಿನ ಒತ್ತಡ ಪೂರ್ತಿ ಇರುತ್ತದೆ, ಹಾಗಿರುವಾಗ ಬಿಚ್ಚುವುದೇಕೆ ಎಂದರು. ಆ ಪ್ರಶ್ನೆ ಸರಿಯಾಗಿತ್ತು. ವಾಲ್ವಿನ ಸಂದನ್ನು ಮಾತ್ರ ತಣ್ಣಗಿದ್ದಾಗ ಅಳೆದರು: ಗಾಳಿ ಒಳಬಿಡುವ ವಾಲ್ವಿನದು 0.15, ಹೊಗೆ ಹೊರಬಿಡುವ ವಾಲ್ವಿನದು 0.20 ಮಿ.ಮೀ. ಇರಬೇಕಾದಷ್ಟೇ ಇತ್ತು. ಹೊಗೆ ಹೊರಬಿಡುವ ವಾಲ್ವಿನ ಸಂದು ತೀರ ಕಡಿಮೆಯಾಗಿದ್ದರೂ ಬಿಸಿಯಾದಾಗ ಎಂಜಿನ್ ನಿಲ್ಲುವುದುಂಟು. ಹಾಗಾಗಿ ಈ ಅಳತೆ ದಂಡವಾಗಲಿಲ್ಲ.

ತಿರುವು

ಎರಡನೆಯ ಮೆಕ್ಯಾನಿಕ್ ತೋಟಕ್ಕೇ ಬಂದರು. ಸ್ಪ್ಯಾನರ್ ಹಿಡಿಯುವ ಮುಂಚೆ ಪಂಪು ನೋಡಿಕೊಳ್ಳುವ ಆಳನ್ನು ಕರೆದು ಕೂರಿಸಿಕೊಂಡರು.

"ನಿಲ್ಲೋಕೆ ಮುಂಚೆ ಹೆಂಗೆ ಸದ್ದು ಮಾಡ್ತದೆ?"

"ಉಸಿರು ಕಟ್ಟಿದಂಗೆ ಆಗ್ತದೆ ಅಣ್ಣ. ಒಂದ್ಸಲ ಏರ್ತದೆ, ಒಂದ್ಸಲ ಇಳೀತದೆ. ಹಂಗೇ ಮಾಡ್ತಾ ಮಾಡ್ತಾ ಹೋಗಿಬಿಡ್ತದೆ."

"ಟ್ಯಾಂಕ್ ತುಂಬ್ಸಿದಾಗ್ಲೂ ಅಷ್ಟೇ ಹೊತ್ತು ಓಡ್ತದಾ?"

"ಇಲ್ಲ, ತುಂಬ್ಸಿದಾಗ್ಲೇ ಬೇಗ ನಿಲ್ಲೋದು. ಆವಾಗ್ಲೇ ಹೇಳಿದ್ದೆ, ಯಾರೂ ಕೇಳ್ಲಿಲ್ಲ."

"ನಿಂತ ಮೇಲೆ ಮೊದ್ಲು ಏನು ಮಾಡ್ತೀಯ?"

"ಪೆಟ್ರೋಲ್ ಐತಾ ಅಂತ ಮುಚ್ಚಳ ತೆಗೆದು ನೋಡ್ತೀನಿ."

ಅರ್ಧ ಉತ್ತರ ಈ ನಾಲ್ಕು ಮಾತಿನಲ್ಲೇ ಇತ್ತು. ಕಾಯಿಲ್ ಸತ್ತರೆ ಎಂಜಿನ್ ಏರಿಳಿಯುವುದಿಲ್ಲ, ಸ್ವಿಚ್ ಆರಿಸಿದ ಹಾಗೆ ಒಮ್ಮೆಲೇ ನಿಲ್ಲುತ್ತದೆ. ಏರುವುದು ಇಳಿಯುವುದು ಪೆಟ್ರೋಲ್ ಸಾಲದೆ ಬಂದಾಗಿನ ಗುರುತು: ಮಿಶ್ರಣ ತೆಳುವಾಗುತ್ತದೆ, ವೇಗ ಬೀಳುತ್ತದೆ, ವೇಗವನ್ನು ಒಂದೇ ಸಮ ಇಡುವ ಗವರ್ನರ್ ಥ್ರಾಟಲ್ ತೆರೆದು ಎತ್ತಲು ನೋಡುತ್ತದೆ, ಮತ್ತೆ ಬೀಳುತ್ತದೆ. ಇನ್ನು ಟ್ಯಾಂಕ್ ತುಂಬಿದಾಗ ಬೇಗ ನಿಲ್ಲುವುದು. ಕಾವೇ ಕಾರಣವಾಗಿದ್ದರೆ ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲ್ ಇದೆ ಎಂಬುದು ಕಾಯಿಲಿಗೆ ಗೊತ್ತಾಗುವ ದಾರಿಯೇ ಇಲ್ಲ. ಈ ಒಂದು ಮಾತನ್ನು ಮೊದಲ ದಿನವೇ ಕಿವಿಗೆ ಹಾಕಿಕೊಂಡಿದ್ದರೆ ಕಾಯಿಲಿನ ಹಣ ಉಳಿಯುತ್ತಿತ್ತು. ದಿನವಿಡೀ ಎಂಜಿನ್ನಿನ ಪಕ್ಕ ನಿಲ್ಲುವವನಿಗೆ ಅದರ ಹೆಸರು ದೆಸೆ ಗೊತ್ತಿಲ್ಲದಿರಬಹುದು, ಅದು ನಡೆದುಕೊಳ್ಳುವ ರೀತಿ ಮಾತ್ರ ಅವನಷ್ಟು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ.

ಆಮೇಲೆ ಪರೀಕ್ಷೆ. ಟ್ಯಾಂಕ್ ಕಂಠಮಟ್ಟ ತುಂಬಿಸಿ, ಮುಚ್ಚಳವನ್ನು ಆಳಿನ ಕೈಯಿಂದಲೇ ದಿನವೂ ಹಾಕುವ ಹಾಗೆ ಹಾಕಿಸಿ, ಬೆಲ್ಟ್ ಹೊರೆ ಸಮೇತ ಓಡಿಸಿದರು. ನಿಂತ ಮೇಲೆ ಯಾವುದನ್ನು ಮೊದಲು ಮುಟ್ಟಬೇಕು, ಯಾವುದನ್ನು ಕೊನೆಗೆ ಎಂಬ ಕ್ರಮವನ್ನು ಮೊದಲೇ ಗೊತ್ತು ಮಾಡಿಕೊಂಡಿದ್ದರು. ಮುಚ್ಚಳ ಎಲ್ಲಕ್ಕಿಂತ ಕೊನೆಗೆ.

ಹನ್ನೆರಡು ನಿಮಿಷದ ಹೊತ್ತಿಗೆ ಏರಿಳಿತ ಶುರುವಾಯಿತು. ಕೂಡಲೇ ಚೋಕನ್ನು ಅರ್ಧ ಎಳೆದರು. ಎಂಜಿನ್ ಚೇತರಿಸಿಕೊಂಡು ಒಂದಷ್ಟು ಹೊತ್ತು ನೆಟ್ಟಗೆ ಓಡಿ ಆಮೇಲೆ ನಿಂತಿತು. ಚೋಕ್ ಎಳೆದಾಗ ಗಾಳಿ ಕಡಿಮೆಯಾಗಿ ಮಿಶ್ರಣ ದಪ್ಪವಾಗುತ್ತದೆ. ಅದರಿಂದ ಎಂಜಿನ್ ಸುಧಾರಿಸಿತು ಎಂದರೆ ಕೊರತೆ ಪೆಟ್ರೋಲಿನದು.

ನಿಂತ ಕೂಡಲೇ ಪ್ಲಗ್ಗಿಗೂ ಅದರ ಟೋಪಿಗೂ ನಡುವೆ ಸ್ಪಾರ್ಕ್ ಟೆಸ್ಟರ್ ಸಿಕ್ಕಿಸಿ ಹಗ್ಗ ಎಳೆದರು. ಬಿಸಿ ಎಂಜಿನ್ನಿನಲ್ಲೂ ನೀಲಿ ಕಿಡಿ ಗಟ್ಟಿಯಾಗಿತ್ತು. ಪ್ಲಗ್ ಬಿಚ್ಚಿ ಎಂಜಿನ್ನಿನ ಮೈಗೆ ತಾಗಿಸಿ ಕಿಡಿ ನೋಡುವ ರೂಢಿ ನಮ್ಮಲ್ಲಿ ಎಲ್ಲ ಕಡೆ ಇದೆ. ಪ್ಲಗ್ ತೂತಿನಿಂದ ಪೆಟ್ರೋಲ್ ಆವಿ ಹೊರಬರುವಾಗ ಪಕ್ಕದಲ್ಲೇ ಕಿಡಿ ಹಾರಿಸುವುದು ಅಪಾಯ. ಟೆಸ್ಟರ್ ಇದ್ದರೆ ಪ್ಲಗ್ ಇದ್ದಲ್ಲೇ ಇರುತ್ತದೆ. ಕಿಡಿಯ ಪರೀಕ್ಷೆ ಮುಗಿಸಿ ಟೆಸ್ಟರ್ ತೆಗೆದಿಟ್ಟು, ಸೈಲೆನ್ಸರ್ ತಣಿದ ಮೇಲೆಯೇ ಪೆಟ್ರೋಲಿನ ಕಡೆ ಕೈ ಹಾಕಬೇಕು. ಇದನ್ನು ಅದಲು ಬದಲು ಮಾಡಬಾರದು.

ಮೂರನೆಯದು ಹರಿವು. ಕಾರ್ಬೊರೇಟರ್ ಬಟ್ಟಲಿನ ತಳದ ಸ್ಕ್ರೂ ಸಡಿಲಿಸಿ ಗಾಜಿನ ಲೋಟ ಹಿಡಿದರು. ಎರಡು ಚಮಚದಷ್ಟು ಬಂದು, ಆಮೇಲೆ ಬರೀ ಹನಿ. ಟ್ಯಾಂಕ್ ಮುಕ್ಕಾಲಿಗಿಂತ ಮೇಲಿದೆ, ನಲ್ಲಿ ತೆರೆದೇ ಇದೆ. ಲೋಟವನ್ನು ಹಾಗೇ ಹಿಡಿದುಕೊಂಡು ಇನ್ನೊಬ್ಬರಿಂದ ಮುಚ್ಚಳ ತಿರುಗಿಸಿದರು. ಸುಂಯ್ ಎಂದು ಗಾಳಿ ಒಳಕ್ಕೆ ನುಗ್ಗಿದ ಸದ್ದು, ಅದರ ಬೆನ್ನಿಗೇ ಲೋಟಕ್ಕೆ ಧಾರೆ.

ಮುಚ್ಚಳದ ಅಡಿಯಲ್ಲಿ ಒಂದು ತುಂಡು ಪ್ಲಾಸ್ಟಿಕ್ ಇತ್ತು. ಅಡಿಕೆ ಗೊನೆಗೆ ಮಳೆ ತಾಗದಂತೆ ಕಟ್ಟುವ ಕೊಟ್ಟೆಯ ಹಾಳೆಯಿಂದ ಕತ್ತರಿಸಿದ್ದು. ಹಿಂದಿನ ಮಳೆಗಾಲದಲ್ಲಿ ಟ್ಯಾಂಕಿಗೆ ನೀರಿಳಿದು ತೊಂದರೆಯಾಗಿತ್ತು. ಅದು ಮರುಕಳಿಸಬಾರದೆಂದು ಆಳು ಪ್ರತಿ ಸಲ ಪೆಟ್ರೋಲ್ ಹಾಕಿದ ಮೇಲೆ ಬಾಯಿಗೆ ಪ್ಲಾಸ್ಟಿಕ್ ಇಟ್ಟು ಮುಚ್ಚಳ ಬಿಗಿಯುತ್ತಿದ್ದ. ಎಂಜಿನ್ನಿನ ಮೇಲಿನ ಕಾಳಜಿಯಿಂದಲೇ ಮಾಡಿದ ಕೆಲಸ. ಮುಚ್ಚಳದಲ್ಲಿ ಗಾಳಿ ಒಳಬರಲು ಒಂದು ಸಣ್ಣ ದಾರಿ ಇದೆ, ಅದು ಮುಚ್ಚಿದರೆ ಪೆಟ್ರೋಲ್ ಇಳಿಯುವುದಿಲ್ಲ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಒಳಗೆ ನಡೆಯುತ್ತಿದ್ದುದು

ಪೂರ್ತಿ ಹೊರೆಯಲ್ಲಿ ಈ ಅಳತೆಯ ಎಂಜಿನ್ ಗಂಟೆಗೆ ಸುಮಾರು 1.4 ಲೀಟರ್ ಕುಡಿಯುತ್ತದೆ, ಅಂದರೆ ನಿಮಿಷಕ್ಕೆ 23 ಮಿ.ಲೀ. ಅಷ್ಟು ಪೆಟ್ರೋಲ್ ಟ್ಯಾಂಕಿನಿಂದ ಇಳಿದರೆ ಅಷ್ಟೇ ಜಾಗಕ್ಕೆ ಗಾಳಿ ಬರಬೇಕು. ಬಾರದಿದ್ದರೆ ಒಳಗಿನ ಒತ್ತಡ ತಗ್ಗುತ್ತದೆ. ಪೆಟ್ರೋಲನ್ನು ಕೆಳಗೆ ತಳ್ಳುತ್ತಿರುವುದು 15 ಸೆಂ.ಮೀ. ಆಸುಪಾಸಿನ ಎತ್ತರ ಮಾತ್ರ. ಆ ಬಲವನ್ನು ಸರಿದೂಗಿಸಲು ಹೊರಗಿನ ವಾಯು ಒತ್ತಡಕ್ಕಿಂತ ಶೇಕಡಾ ಒಂದರಷ್ಟು ಒಳಗೆ ಕಡಿಮೆಯಾದರೆ ಸಾಕು, ಹರಿವು ನಿಂತೇ ಹೋಗುತ್ತದೆ.

ಟ್ಯಾಂಕ್ ತುಂಬಿರುವಾಗ ಪೆಟ್ರೋಲಿನ ಮೇಲೆ ಇರುವ ಗಾಳಿ ಸ್ವಲ್ಪವೇ. ಸ್ವಲ್ಪ ಪೆಟ್ರೋಲ್ ಇಳಿದರೂ ಆ ಗಾಳಿಯ ಪಾಲಿಗೆ ಅದು ದೊಡ್ಡ ಹಿಗ್ಗು, ಒತ್ತಡ ಬೇಗ ಬೀಳುತ್ತದೆ. ಅರ್ಧ ಟ್ಯಾಂಕಿನಲ್ಲಿ ಗಾಳಿ ಹೆಚ್ಚಿರುವುದರಿಂದ ನಿಧಾನವಾಗಿ ಬೀಳುತ್ತದೆ. ಹೊಸ ಪೆಟ್ರೋಲ್ ಹಾಕಿದ ದಿನ ಅರ್ಧ ಗಂಟೆ ಓಡಿದ್ದು ಪೆಟ್ರೋಲ್ ಹೊಸದೆಂದಲ್ಲ, ಅರ್ಧವೇ ಹಾಕಿದ್ದರಿಂದ. ಪ್ಲಾಸ್ಟಿಕ್ಕಿನ ಮಡಿಕೆಗಳ ಸಂದಿಯಿಂದ ಸ್ವಲ್ಪ ಗಾಳಿ ನುಸುಳುತ್ತಿತ್ತು. ಹಾಗಾಗಿ ಎರಡೇ ನಿಮಿಷಕ್ಕೆ ನಿಲ್ಲದೆ ಹನ್ನೆರಡು ನಿಮಿಷ ಎಳೆಯುತ್ತಿತ್ತು. ನಿಂತ ಮೇಲೆ ಅದೇ ಸಂದಿಯಿಂದ ಗಾಳಿ ತುಂಬಿ ಮತ್ತೆ ಚಾಲೂ ಆಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಪೆಟ್ರೋಲ್ ನೋಡಲೆಂದು ಮುಚ್ಚಳ ತೆರೆದಾಗಲೇ ದೋಷ ಅಲ್ಲಿಗೆ ಪರಿಹಾರವಾಗಿಬಿಡುತ್ತಿತ್ತು. ನೋಡುವ ಕೆಲಸವೇ ರಿಪೇರಿ ಮಾಡುತ್ತಿತ್ತು, ಹೆಸರು ಮಾತ್ರ "ತಣಿದದ್ದಕ್ಕೆ" ಹೋಗುತ್ತಿತ್ತು.

ಪ್ಲಾಸ್ಟಿಕ್ ತೆಗೆದು ಅಲ್ಲಿಗೇ ಬಿಡಲಿಲ್ಲ. ಮುಚ್ಚಳ ತೆರೆದಿಟ್ಟು ಬಟ್ಟಲಿನ ಸ್ಕ್ರೂವಿನಿಂದ ಒಂದು ನಿಮಿಷದ ಹರಿವನ್ನು ಅಳತೆ ಲೋಟಕ್ಕೆ ಹಿಡಿದರೆ 60 ಮಿ.ಲೀ. ಬಂತು. 23ಕ್ಕೆ ಇದು ಸಾಕು ಎನಿಸುತ್ತದೆ, ಆದರೆ ಧಾರೆ ನಡುನಡುವೆ ತುಂಡಾಗುತ್ತಿತ್ತು. ನಲ್ಲಿಯ ಕೆಳಗಿನ ಕಸದ ಬಟ್ಟಲು, ಟ್ಯಾಂಕಿನ ತಳದ ಜಾಲರಿ ಎರಡನ್ನೂ ಬಿಚ್ಚಿ ತೊಳೆದ ಮೇಲೆ ಅದೇ ಒಂದು ನಿಮಿಷಕ್ಕೆ 170 ಮಿ.ಲೀ. ಬಂತು, ಧಾರೆ ಎಲ್ಲೂ ಕಡಿಯಲಿಲ್ಲ. ಮುಚ್ಚಳ ಹಾಕಿ ಮತ್ತೆ ಹಿಡಿದರು. ಮೊದಮೊದಲು ಅಷ್ಟೇ ಇದ್ದು ಬರಬರುತ್ತ ಸಣ್ಣದಾಯಿತು. ಅಂದರೆ ಪ್ಲಾಸ್ಟಿಕ್ ಇಲ್ಲದೆಯೂ ಮುಚ್ಚಳದ ಗಾಳಿದಾರಿ ಮದ್ದು ಮಣ್ಣು ಮೆತ್ತಿ ಅರ್ಧ ಕಟ್ಟಿಕೊಂಡಿತ್ತು. ಅದಕ್ಕೇ ಹೊಸ ಮುಚ್ಚಳ ಹಾಕಿದರು. ಮುಚ್ಚಳಕ್ಕೆ ಮೊಳೆಯಲ್ಲಿ ತೂತು ಹೊಡೆಯುವವರಿದ್ದಾರೆ. ಮಳೆಗಾಲದ ತೋಟದಲ್ಲಿ ಆ ತೂತು ನೀರಿಗೆ ಬಾಗಿಲು.

ನೀರಿನ ಭಯ ನಿಜವಾದದ್ದೇ, ಅದಕ್ಕೊಂದು ದಾರಿ ಬೇಕಿತ್ತು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ, ಅದು ತೇವವನ್ನು ಎಳೆದುಕೊಳ್ಳುತ್ತದೆ. ನೀರು ಮಿತಿ ಮೀರಿದರೆ ಎಥನಾಲೂ ನೀರೂ ಒಟ್ಟಾಗಿ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ, ಅಂದರೆ ಸರಿಯಾಗಿ ಪೆಟ್ರೋಲ್ ಹೊರಡುವ ಜಾಗಕ್ಕೆ ಇಳಿಯುತ್ತದೆ. ಪಂಪಿನ ಮೇಲೆ ನಾಲ್ಕು ಗೂಟಕ್ಕೆ ತಾಡಪಾಲು ಎತ್ತರದಲ್ಲಿ ಕಟ್ಟಿ, ನಾಲ್ಕೂ ಕಡೆ ಗಾಳಿಯಾಡಲು ಬಿಟ್ಟರು. ಸೈಲೆನ್ಸರ್ ಕಾವು ತಾಗದಷ್ಟು ಎತ್ತರ ಇರಲೇಬೇಕು.

ಎರಡನೆಯ ದೋಷ

ಅವತ್ತು ಸಂಜೆಯವರೆಗೆ ಎಂಜಿನ್ ನಿಲ್ಲಲಿಲ್ಲ. ಮರುದಿನ ಪಂಪನ್ನು ತೋಟದ ಕೆಳಭಾಗಕ್ಕೆ ಒಯ್ದು ಧರೆಯ ಪಕ್ಕದ ಓರೆ ಜಾಗದಲ್ಲಿ ಇಟ್ಟು ಚಾಲೂ ಮಾಡಿದರು. ಸ್ವಲ್ಪ ಹೊತ್ತಿಗೆ ನಿಂತಿತು. ರಿಪೇರಿ ಹುಸಿಯಾಯಿತು ಎಂದು ಎಲ್ಲರಿಗೂ ಬೇಸರ. ಆದರೆ ಈ ಸಲ ಆಳೇ ವ್ಯತ್ಯಾಸ ಗುರುತಿಸಿ ಫೋನಿನಲ್ಲಿ ಹೇಳಿದ: "ಇದು ಏರಿಳೀಲಿಲ್ಲ ಅಣ್ಣ, ಟಕ್ ಅಂತ ನಿಂತೋಯ್ತು."

ನಿಂತ ರೀತಿ ಬೇರೆ ಎಂದರೆ ಕಾರಣವೂ ಬೇರೆ. ಟೆಸ್ಟರ್ ಹಾಕಿದರೆ ಕಿಡಿ ಇಲ್ಲ. ಪಂಪನ್ನು ಎತ್ತಿ ಸಮತಟ್ಟು ಜಾಗದಲ್ಲಿಟ್ಟು ಎಳೆದರೆ ಕಿಡಿ ಬಂತು. ಎಣ್ಣೆ ಸ್ವಿಚ್ಚಿನಿಂದ ಬರುವ ವೈರನ್ನು ಪರೀಕ್ಷೆಗಷ್ಟೇ ಬಿಡಿಸಿ ಓರೆಯಾಗಿಟ್ಟು ಎಳೆದಾಗಲೂ ಕಿಡಿ ಬಂತು. ಎಣ್ಣೆ ನೋಡಿದರೆ ಬೇಕಾದಷ್ಟಿಲ್ಲ, ಭರ್ತಿ ಮಾಡಲು 150 ಮಿ.ಲೀ. ಹಿಡಿಯಿತು. ಇಂಥ ಎಂಜಿನ್ನುಗಳನ್ನು 20 ಡಿಗ್ರಿಗಿಂತ ಓರೆಯಾಗಿ ಓಡಿಸಬಾರದು. ಎಣ್ಣೆ ಪೂರ್ತಿ ಇದ್ದಾಗಿನ ಮಾತು ಅದು. ಕಾಲು ಭಾಗ ಕಡಿಮೆ ಇದ್ದರೆ ಅದಕ್ಕಿಂತ ಸಣ್ಣ ಓರೆಗೂ ಎಣ್ಣೆ ಒಂದು ಬದಿಗೆ ಸರಿದು ಸ್ವಿಚ್ ಕೆಲಸ ಮಾಡಿಬಿಡುತ್ತದೆ.

ಎಣ್ಣೆಯನ್ನು ದಿನಾ ನೋಡುತ್ತಿದ್ದೆವು ಎಂದು ಮನೆಯವರು ಹೇಳಿದ್ದು ಸುಳ್ಳಲ್ಲ. ಅಳತೆ ಕಡ್ಡಿಯನ್ನು ಪೂರ್ತಿ ತಿರುಗಿಸಿ ಬಿಗಿದು, ಮತ್ತೆ ಬಿಚ್ಚಿ ನೋಡುತ್ತಿದ್ದರು. ಈ ಎಂಜಿನ್ನಿನಲ್ಲಿ ಕಡ್ಡಿಯನ್ನು ಒರೆಸಿ, ತಿರುಗಿಸದೆ ಬಾಯಿಯ ಮೇಲೆ ಕೂರಿಸಿ ತೆಗೆದು ನೋಡಬೇಕು. ತಿರುಗಿಸಿ ಇಳಿಸಿದರೆ ಕಡ್ಡಿ ಇನ್ನಷ್ಟು ಆಳಕ್ಕೆ ಹೋಗಿ, ಕಡಿಮೆ ಇದ್ದರೂ ಸಾಕಷ್ಟಿದೆ ಎಂದೇ ತೋರಿಸುತ್ತದೆ. ಅದೂ ಸಮತಟ್ಟು ಜಾಗದಲ್ಲಿಟ್ಟೇ ನೋಡಬೇಕು.

ಇಲ್ಲಿ ಒಂದು ನಿರ್ಧಾರ ಎದುರಾಯಿತು. ವೈರ್ ಬಿಡಿಸಿದಾಗ ಎಂಜಿನ್ ನಿಲ್ಲದೆ ಓಡುತ್ತದೆ, ಹಾಗೇ ಬಿಟ್ಟುಬಿಡೋಣ ಎಂದು ಮಾತು ಬಂತು. ಕಡಿದ ವೈರಿನ ಪಂಪುಗಳು ಊರೂರಲ್ಲಿವೆ. ಎಣ್ಣೆ ಮುಗಿದ ದಿನ ಅವು ಎಚ್ಚರಿಕೆ ಕೊಡದೆ ಕನೆಕ್ಟಿಂಗ್ ರಾಡ್ ಹಿಡಿದು ನಿಲ್ಲುತ್ತವೆ, ಆ ಖರ್ಚಿನಲ್ಲಿ ಅರ್ಧ ಎಂಜಿನ್ ಬರುತ್ತದೆ. ಮೆಕ್ಯಾನಿಕ್ ಒಪ್ಪದೆ ವೈರನ್ನು ಮತ್ತೆ ಜೋಡಿಸಿದರು. 10ಡಬ್ಲ್ಯು-30 ಎಣ್ಣೆ ಸರಿಮಟ್ಟಕ್ಕೆ ತುಂಬಿಸಿ, ಪಂಪು ಇಡುವ ಜಾಗಗಳಲ್ಲಿ ಎರಡು ದಪ್ಪ ಹಲಗೆ ಹಾಕಿ ಮಟ್ಟ ಮಾಡಿಕೊಳ್ಳಲು ಹೇಳಿದರು.

ತೆಗೆದಿಟ್ಟಿದ್ದ ಹಳೆಯ ಕಾಯಿಲನ್ನು ಮಲ್ಟಿಮೀಟರಿನಲ್ಲಿ ಅಳೆದು ನೋಡಲಾಯಿತು. ಅದರ ಎರಡು ತಂತಿಸುತ್ತುಗಳಲ್ಲಿ ಪ್ರೈಮರಿ 0.9 ಓಮ್, ಸೆಕೆಂಡರಿ 6.3 ಕಿಲೋಓಮ್, ಎರಡೂ ಸರಿಯಾದ ಮಿತಿಯೊಳಗೆ. ಕಾವಿನ ದೋಷ ತಣ್ಣಗಿನ ಅಳತೆಯಲ್ಲಿ ಕಾಣದೆಯೂ ಇರಬಹುದು. ಹಾಗಾಗಿ ಅದನ್ನೇ ಮತ್ತೆ ಎಂಜಿನ್ನಿಗೆ ಕೂರಿಸಿ ಹೊರೆಯಲ್ಲಿ ಒಂದು ಟ್ಯಾಂಕ್ ಪೂರ್ತಿ ಓಡಿಸಿದರು. ನಿಲ್ಲಲಿಲ್ಲ. ಹೊಸ ಕಾಯಿಲನ್ನು ಬಿಚ್ಚಿ, ಒಣಬಟ್ಟೆಯಲ್ಲಿ ಸುತ್ತಿ ಸ್ಪೇರ್ ಸಾಮಾನಿನ ಡಬ್ಬಿಗೆ ಹಾಕಲಾಗಿದೆ. ಎರಡನೇ ಮದ್ದು ಮುಗಿದ ದಿನ ಟ್ಯಾಂಕ್ ಬರಿದು ಮಾಡಿ, ನಲ್ಲಿ ಮುಚ್ಚಿ, ಬಟ್ಟಲಿನಲ್ಲಿ ಉಳಿದದ್ದು ತೀರುವವರೆಗೆ ಎಂಜಿನ್ ಓಡಿಸಿ, ಬಟ್ಟಲಿನ ಸ್ಕ್ರೂ ತೆಗೆದು ಕೊನೆಯ ಹನಿಯನ್ನೂ ಬಿಟ್ಟು ಪಂಪನ್ನು ಅಟ್ಟಕ್ಕೆ ಏರಿಸಿದರು.